ನಮ್ಮ ಸುರಕ್ಷತೆಗಾಗಿ ಬೀಗ ಹಾಕಿದವರಿಗೆ

ವಾರ್ಡಿನ ಸಾರ್ವಜನಿಕ ಶೌಚಾಲಯಗಳ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ಮಲ್ಲೇಶ್ವರದ ನಮ್ಮ ಸೊಪ್ಪಿನ ಸಾಲಿನ ತುದಿಯಲ್ಲಿ ನೀವು ಕಟ್ಟಿಸಿದ ಶೌಚಾಲಯದ ಹೆಂಗಸರ ಬಾಗಿಲಿಗೆ ಬೀಗ ಬಿದ್ದು ಎರಡು ಬೇಸಿಗೆ ಕಳೆದವು. ಆ ಬೀಗದ ದೆಸೆಯಿಂದ ನಮ್ಮ ಅತ್ತೆ ಅಣ್ಣಮ್ಮ ಸಾಯಬೇಕಾಗಿತ್ತು, ಹೇಗೋ ಉಳಿದರು. ಇದನ್ನು ಖುದ್ದಾಗಿ ಹೇಳೋಣವೆಂದು ಕಚೇರಿಗೆ ಬಂದಾಗಲೆಲ್ಲ ತಾವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಮೂತ್ರದ ವಿಷಯವನ್ನು ಹೆಂಗಸೊಬ್ಬಳು ಹೀಗೆ ಬಹಿರಂಗವಾಗಿ ಬರೆಯುವುದೇ ಎಂದು ಮುಖ ಸಿಂಡರಿಸುವವರು ಪುಟ ತಿರುಗಿಸಲಿ. ನಮಗಂತೂ ನಾಚಿಕೆಪಟ್ಟು ಸಾಕಾಗಿದೆ.

ಬಾಗಿಲ ಮೇಲೆ ನಿಮ್ಮದೇ ಬೋರ್ಡಿದೆ: ‘ಮಹಿಳೆಯರ ಸುರಕ್ಷತೆಯ ದೃಷ್ಟಿಯಿಂದ ಮುಚ್ಚಲಾಗಿದೆ.’ ಎಂಥ ಕಾಳಜಿ! ಪಕ್ಕದಲ್ಲೇ ಗಂಡಸರ ಬಾಗಿಲು ಹಗಲಿಡೀ ತೆರೆದಿರುತ್ತದೆ. ಅವರ ಸುರಕ್ಷತೆಯ ಯೋಚನೆ ಯಾರಿಗೂ ಬಂದಿಲ್ಲ, ಪಾಪ. ನಮ್ಮ ಕಡೆಯ ಕೋಣೆಯಲ್ಲಿ ಪೊರಕೆ, ಹಳೆಯ ಫ್ಲೆಕ್ಸು, ಬಣ್ಣದ ಡಬ್ಬಗಳು ಬಹಳ ಸುರಕ್ಷಿತವಾಗಿವೆ. ಯಾವನೋ ಕುಡುಕ ಒಮ್ಮೆ ಒಳಗೆ ನುಗ್ಗಿದನಂತೆ, ಆವತ್ತಿನಿಂದ ಬೀಗ. ಕುಡುಕನನ್ನು ತಡೆಯುವುದಕ್ಕಿಂತ ಹೆಂಗಸರನ್ನು ತಡೆಯುವುದು ಸುಲಭ ಎಂದು ಯಾರ ತಲೆಗೆ ಹೊಳೆಯಿತೋ ಗೊತ್ತಿಲ್ಲ. ಆ ತಲೆಗೊಂದು ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡಬೇಕು.

ನಾವು ಹೇಗೆ ಸಂಭಾಳಿಸುತ್ತೇವೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಶ್ರೀರಾಂಪುರದ ಮನೆಯಿಂದ ನಸುಕಿನಲ್ಲೇ ಹೊರಡುತ್ತೇವೆ. ಹೊರಡುವಾಗ ಅರ್ಧ ಲೋಟ ಕಾಫಿ. ಆಮೇಲೆ ಸಂಜೆ ಮನೆ ಸೇರುವ ತನಕ ನೀರು ಕುಡಿಯುವುದಿಲ್ಲ. ನಾನು ಬಿ.ಎ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದಾಗ, ಸೊಪ್ಪಿನ ಕಟ್ಟು ಹಾಕುವುದನ್ನು ಕಲಿಸುವ ಮೊದಲು ಅತ್ತೆ ಕಲಿಸಿದ ಪಾಠವೇ ಅದು. “ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗಿದ್ಬಿಡು ತೇಜೂ, ನುಂಗ್ಬೇಡ. ಬಂದ್ಬಿಟ್ರೆ ಎಲ್ಲಿಗೋಗ್ತೀಯ?” ಎದುರಿಗೊಂದು ಹೋಟೆಲಿದೆ. ಅವರ ಬಾತ್‌ರೂಮು ಗಿರಾಕಿಗಳಿಗೆ ಮಾತ್ರ. ನಮ್ಮ ಕೊತ್ತಂಬರಿ ದಿನಾ ಆ ಅಡುಗೆಮನೆಯವರೆಗೂ ಹೋಗುತ್ತದೆ, ನಮಗೆ ಮಾತ್ರ ಬಾಗಿಲಲ್ಲೇ ತಡೆ. ಬೀಗ ಬೀಳುವ ಮೊದಲು, ಶೌಚಾಲಯ ತೆರೆದಿದ್ದ ಆ ಕೆಲವು ತಿಂಗಳು, ನಮ್ಮ ಸಾಲಿನ ಹೆಂಗಸರೆಲ್ಲ ಧೈರ್ಯವಾಗಿ ಮಜ್ಜಿಗೆ ಕುಡಿದಿದ್ದೆವು. ಆ ಸುಖವನ್ನೂ ನೆನಪಿಟ್ಟುಕೊಂಡಿದ್ದೇವೆ.

ಈ ಬೇಸಿಗೆಯಲ್ಲಿ ಅತ್ತೆಗೆ ಉರಿಮೂತ್ರ ಶುರುವಾಯಿತು. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಉಷ್ಣ. ಕನ್ನಡದಲ್ಲಿ ಇದೊಂದು ಪದ ಇದೆಯಲ್ಲ, ಬಹಳ ಅನುಕೂಲದ್ದು. ಕಣ್ಣುರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಮಾವಿನಹಣ್ಣು ತಿಂದರೂ ಉಷ್ಣ. ಪಕ್ಕದಲ್ಲಿ ಕೂತು ನಿಂಬೆಹಣ್ಣು ಮಾರುವ ಮುನಿಯಮ್ಮ, “ಹೊಕ್ಕಳಿಗೆ ಹರಳೆಣ್ಣೆ ಹಚ್ಕೊಂಡು ಮಲಗಕ್ಕ, ಬೆಳಗ್ಗೆಗೆ ಇಳಿದೋಗುತ್ತೆ” ಎಂದಳು. ಹಚ್ಚಿದೆವು. ನಮ್ಮ ಹತ್ತಿರ ವಾಡಿಕೆಯಾಗಿ ಸೊಪ್ಪು ಕೊಳ್ಳುವ ಅಮ್ಮನೊಬ್ಬರು ಮೆಂತ್ಯ ನೆನೆಸಿದ ನೀರು ಹೇಳಿದರು. ಅದೂ ಆಯಿತು. ಉರಿ ತಡೆಯಲಾಗದೆ ಕೊನೆಗೆ ಮೆಡಿಕಲ್ ಸ್ಟೋರಿನ ಬದರೀನಾರಾಯಣರನ್ನು ಕೇಳಿದಾಗ, ಅವರು ಒಂದೆರಡು ಮಾತ್ರೆ ಕತ್ತರಿಸಿ ಕೊಟ್ಟು, “ಡಾಕ್ಟ್ರಿಗೊಂದ್ಸಲ ತೋರಿಸ್ಬಿಡಿ” ಎಂದರು. ಮಾತ್ರೆ ನುಂಗಿದ ಮೇಲೆ ಉರಿ ನಿಂತಿತು. ಉರಿ ನಿಂತ ಮೇಲೆ ಡಾಕ್ಟರು ಯಾಕೆ? ಅತ್ತೆ ಮಾರನೆಯ ದಿನವೇ ಸೊಪ್ಪಿನ ಮುಂದೆ ಕೂತರು, ಮತ್ತೆ ನೀರು ಕುಡಿಯುವುದನ್ನು ಬಿಟ್ಟರು.

ಸ್ವಲ್ಪ ದಿನದಲ್ಲೇ ಚಳಿಜ್ವರ ಬಂತು. ಬೆನ್ನಿನ ಒಂದು ಪಕ್ಕ ಮುಟ್ಟಲು ಬಿಡುತ್ತಿರಲಿಲ್ಲ. ವಾಂತಿ ಬೇರೆ. ನನ್ನ ಗಂಡ ಹರಿಕೃಷ್ಣ ಆಟೋ ತರುವಷ್ಟರಲ್ಲಿ ಅತ್ತೆ ನನ್ನ ಮುಖ ನೋಡಿ, “ಬನ್ನಿ ಅಮ್ಮ, ದಂಟು ಈಗ್ತಾನೆ ಬಂದಿದೆ, ನೋಡಿ” ಎಂದರು. ಮನೆಯೊಳಗೆ ಚಾಪೆಯ ಮೇಲೆ ಮಲಗಿ, ಸೊಸೆಯನ್ನು ಗಿರಾಕಿ ಎಂದುಕೊಂಡು. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದು ಮೆಣಸಿನಕಾಯಿ ನಿವಾಳಿಸಲು ಓಡಿ ಬಂದರು. ಗಾಳಿಯೂ ಅಲ್ಲ, ಉಷ್ಣವೂ ಅಲ್ಲ. ಆಸ್ಪತ್ರೆಯ ಲೇಡಿ ಡಾಕ್ಟರ್ ಪರೀಕ್ಷೆ ಮಾಡಿಸಿ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು ಹೇಳಿದರು: “ದಯವಿಟ್ಟು ಇನ್ನೊಂದ್ಸಲ ಉಷ್ಣ ಅನ್ಬೇಡಿ. ಇದು ಸೋಂಕು. ಮೂತ್ರಕೋಶದಲ್ಲಿದ್ದದ್ದು ಕಿಡ್ನಿಗೆ ಹತ್ತಿದೆ, ರಕ್ತಕ್ಕೂ ಸೇರಿದೆ. ವಯಸ್ಸಾದವರಿಗೆ ಇದರಲ್ಲಿ ಮತಿ ತಪ್ಪೋದುಂಟು. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು.”

ಹೆಂಗಸರ ಮೂತ್ರನಾಳ ಗಂಡಸರದ್ದಕ್ಕಿಂತ ಗಿಡ್ಡವಂತೆ, ಹಾಗಾಗಿ ಕ್ರಿಮಿ ಮೂತ್ರಕೋಶಕ್ಕೆ ಬೇಗ ಹತ್ತುತ್ತದಂತೆ. ಮುಟ್ಟು ನಿಂತವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ನೀರು ಕುಡಿಯದೆ, ಬಂದದ್ದನ್ನು ಗಂಟೆಗಟ್ಟಲೆ ತಡೆದುಕೊಂಡು ಕೂತರೆ ಕ್ರಿಮಿಗೆ ಒಳಗೇ ಬೆಳೆಯಲು ಪುರುಸೊತ್ತು ಸಿಗುತ್ತದೆ. ಅರ್ಧಕ್ಕೆ ನಿಲ್ಲಿಸಿದ ಮಾತ್ರೆಯಿಂದ ಅದು ಪೂರ್ತಿ ಹೋಗುವುದಿಲ್ಲ. ಎಣ್ಣೆ ಹಚ್ಚಿ ಹೊತ್ತು ಕಳೆದದ್ದು ನಮ್ಮ ತಿಳಿಗೇಡಿತನ, ಒಪ್ಪಿಕೊಳ್ಳುತ್ತೇನೆ, ಇನ್ನು ಮೇಲೆ ಉರಿ ಎಂದರೆ ನೇರ ಡಾಕ್ಟರ ಬಳಿಗೇ ಓಡುತ್ತೇವೆ. ಆದರೆ ಮಾನ್ಯರೇ, ನಿಮಗೆ ಇದೆಲ್ಲ ತಿಳಿದಿರಲಿಲ್ಲವೇ? ನಿಮ್ಮ ಮನೆಯಲ್ಲೂ ಹೆಂಗಸರಿರಬೇಕಲ್ಲ? ನಿಮ್ಮ ಕಚೇರಿಯ ಹೆಣ್ಣುಮಕ್ಕಳು ಊಟದ ಹೊತ್ತಿನವರೆಗೆ ಬಾಯಿ ಮುಕ್ಕಳಿಸಿ ಉಗಿಯುತ್ತಾರೆಯೇ?

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಡಾಕ್ಟರ್ ಮಾತ್ರೆಗಳ ಜೊತೆಗೆ ಇನ್ನೆರಡು ಮಾತು ಹೇಳಿದರು. ಚೆನ್ನಾಗಿ ನೀರು ಕುಡಿಯಬೇಕು, ಬಂದಾಗ ತಡೆಯದೆ ಹೋಗಬೇಕು. ಮಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕಿತು. ಮಿಕ್ಕ ಔಷಧಿ ನಿಮ್ಮ ಕಚೇರಿಯಲ್ಲಿ ಮಾತ್ರ ಸಿಗುವಂಥದ್ದು. ಅಂಗಡಿ ಬಿಟ್ಟು ಮನೆಯಲ್ಲಿರಿ ಎಂದು ಅತ್ತೆಗೆ ನಾವು ಹೇಳದೆ ಇರಲಿಲ್ಲ. ಅವರು ಅತ್ತುಬಿಟ್ಟರು. “ನನ್ನ ಜಾಗದಲ್ಲಿ ಕೂತ್ಕೊಂಡ್ರೇನೇ ನಾನು ನಾನಾಗಿರೋದು ಕಣೇ” ಎಂದರು. ಅವರು ಬದುಕಬೇಕೋ, ಸೊಪ್ಪು ಮಾರಬೇಕೋ? ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಒಬ್ಬ ಮುದುಕಿಗೆ ಯಾವ ಬಾಯಲ್ಲಿ ಹೇಳುವುದು?

ನಿನ್ನೆ ಅತ್ತೆ ಅಂಗಡಿಗೆ ವಾಪಸು ಬಂದರು. ಡಾಕ್ಟರಿಗೆ ಕೊಟ್ಟ ಮಾತಿನಂತೆ ದೊಡ್ಡ ಬಾಟಲಿಯಲ್ಲಿ ನೀರು ತಂದಿದ್ದರು. ಮಧ್ಯಾಹ್ನ ನೋಡುತ್ತೇನೆ, ಬಾಟಲಿ ಖಾಲಿ. ಖುಷಿಯಾಯಿತು, ಕುಡಿದಿರಲ್ಲ ಅತ್ತೆ ಎಂದೆ. ಅವರ ಮುಂದಿದ್ದ ಮೆಂತ್ಯ, ದಂಟು, ಸಬ್ಬಸಿಗೆ ಎಲ್ಲ ಒದ್ದೆಯಾಗಿ ಹೊಳೆಯುತ್ತಿದ್ದವು. “ಬಾಡೋಗ್ತಿತ್ತು ಕಣೇ, ಚಿಮುಕಿಸ್ಬಿಟ್ಟೆ” ಎಂದರು, ನನ್ನ ಮುಖ ನೋಡದೆ. ತುಟಿ ಒಣಗಿ ಬಿರಿದಿತ್ತು.

ಆದ್ದರಿಂದ ನಮ್ಮ ಬೇಡಿಕೆ. ಬೀಗ ತೆಗೆಸಿ. ಪೊರಕೆಗಳಿಗೆ ಬೇರೆ ಮನೆ ಹುಡುಕಿ. ನಲ್ಲಿಯಲ್ಲಿ ನೀರು, ಒಳಗೊಂದು ದೀಪ, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೊಡಿ. ನಮ್ಮ ಸುರಕ್ಷತೆಯ ಮೇಲೆ ನಿಜಕ್ಕೂ ಮನಸ್ಸಿದ್ದರೆ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ ಹಾಕಿಸಿ, ಹೊರಗಿನ ಬೀಗವನ್ನು ನಿಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಿ. ಮೀಟಿಂಗ್ ಮುಗಿಯುವವರೆಗೆ ಕಾಯಿರಿ ಎಂದು ಮಾತ್ರ ಹೇಳಬೇಡಿ. ನಮ್ಮ ಅತ್ತೆ ಆಗಲೇ ಸಾಕಷ್ಟು ತಡೆದುಕೊಂಡಿದ್ದಾರೆ.

ಇಂತಿ,
ಬಾಯಾರಿದರೂ ಇವತ್ತೂ ಕುಡಿಯದೆ ಕೂತಿರುವ
ತೇಜಸ್ವಿನಿ
ಸೊಪ್ಪಿನ ಸಾಲು, ಮಲ್ಲೇಶ್ವರ