ಸೀಮೆ ಬ್ರಾಂದಿಯ ಬಣ್ಣ

ಅಪ್ಪಾ,

ನೀನು ತೀರಿಹೋದ ಮೇಲೆ ಚಿಕ್ಕಪ್ಪ ಶಿರಾದ ನಮ್ಮ ಸಾರಾಯಿ ಅಂಗಡಿಗೆ ಎಂಥ ಹೆಸರು ತಂದಿದ್ದಾನೆ ಗೊತ್ತೇ? ಬರೀ ಸಾರಾಯಿಗೆ ಬೆಲ್ಲ ಸುಟ್ಟ ನೀರು ಬೆರೆಸಿ ಕೆಂಪು ಮಾಡುತ್ತಾನೆ. ಗಂಟಲು ಉರಿಯಲೆಂದು ಹೊಗೆಸೊಪ್ಪು ನೆನೆಹಾಕಿ, ಹಡಗಿನಲ್ಲಿ ಬಂದ ಸೀಮೆ ಬ್ರಾಂದಿ ಎಂದು ಮಾರುತ್ತಾನೆ.

ಇವತ್ತು ಅದನ್ನು ಕುಡಿದ ಮದ್ದಗಿರಿಯ ಗಾಡಿ ದ್ಯಾವಣ್ಣ ನಮ್ಮ ಬಾಗಿಲಲ್ಲೇ ಕುಸಿದು ರಕ್ತ ಕಾರಿಕೊಂಡ. ನನಗೆ ತಡೆಯಲಾಗಲಿಲ್ಲ. ಪೀಪಾಯಿಯನ್ನು ಬೀದಿಗೆ ಉರುಳಿಸಿ, "ಅಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ದ" ಅಂದೆ.

ಚಿಕ್ಕಪ್ಪ ಅಷ್ಟು ಜನರೆದುರು ನಕ್ಕುಬಿಟ್ಟ. "ನಂಗಿದನ್ನ ಕಲಿಸಿದ್ದೇ ನಿಮ್ಮಪ್ಪ ಕಣಮ್ಮ."

"ಸತ್ತೋರ ಮೇಲೆ ಸುಳ್ಳು ಹೇಳಬ್ಯಾಡ" ಎಂದು ಕೂಗಿದೆ. ಈಗಲೂ ಮೈ ಉರಿಯುತ್ತಿದೆ.

ಆದರೆ ಹಬ್ಬಕ್ಕೆ ಒಂದು ಲೋಟ ಸಾರಾಯಿ ತಪ್ಪಿಸದ ನೀನು, ನಮ್ಮಂಗಡಿಯ ಬ್ರಾಂದಿಯನ್ನು ಮಾತ್ರ ಯಾವತ್ತೂ ಯಾಕೆ ಮುಟ್ಟಲಿಲ್ಲ?