ಮೂಗು ಅವಳದು, ನಾಲಿಗೆ ನನ್ನದು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಉತ್ತರ ತಡವಾಯಿತು, ಬೈದುಬಿಡು. ಬೈದು ಮುಗಿದ ಮೇಲೆ ಮುಂದೆ ಓದು. "ವೈನು ಡ್ರೈ ಅಂತೀರಲ್ಲ, ಒಣಗಿದ್ದನ್ನ ಕುಡಿಯೋದು ಹೇಗೆ?" ಎಂದು ಭಾವ ಕಾಲೆಳೆದಿದ್ದಾರೆ. ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು, ಸಿಹಿ ಉಳಿಯದಿದ್ದರೆ ಅದೇ ಡ್ರೈ ಎಂದು ಹೇಳು.

ಈಗ ನಿಜವಾದ ಸುದ್ದಿ. ನನಗೆ ಬಂದಿದ್ದ ಜ್ವರ ಬಿಟ್ಟಿತು, ಆದರೆ ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಯಾವ ವಾಸನೆಯೂ ತಿಳಿಯುವುದಿಲ್ಲ. ಡಾಕ್ಟರು "ಬಂದ್ರೂ ಬರಬಹುದು" ಎನ್ನುತ್ತಾರೆ. ವೈನಿನ ರುಚಿ ನೋಡಿ ಹೇಳುವುದೇ ನನ್ನ ಹೊಟ್ಟೆಪಾಡು. ಕೆಲಸ ಹೋಯಿತೆಂದೇ ವೈನರಿ ಯಜಮಾನರ ಮುಂದೆ ನಿಂತೆ.

ಆಗ ಬಾಯಿ ಹಾಕಿದವಳು ಪಕ್ಕದ ಟೇಬಲಿನಲ್ಲಿ ಇದೇ ಕೆಲಸ ಮಾಡುವ ಮೆಣಸಿನಕಾಯಿ. ಅವಳಿಗೆ ಆ ಹೆಸರಿಟ್ಟವಳು ನಾನೇ. ನಮ್ಮಿಬ್ಬರದು ಹಾವು ಮುಂಗುಸಿ ಸಂಬಂಧ.

"ಇವ್ರ ಮೂಗು ಹೋಗಿದೆ ಸಾರ್, ನಾಲಿಗೆ ಹೋಗಿಲ್ಲ. ಮೂಗಿಗೆ ನಾನಿದೀನಿ. ಇಬ್ರನ್ನೂ ಒಟ್ಟಿಗೆ ಕೂರ್ಸಿ."

"ಒಂದು ಗ್ಲಾಸಿಗೆ ಇಬ್ರಾ?" ಎಂದು ಯಜಮಾನರು ತಲೆ ಕೆರೆದುಕೊಂಡರು. "ಸರಿ, ಈ ವಾರ ನೋಡೋಣ."

ಅವಳು ಗ್ಲಾಸ್ ತಿರುಗಿಸಿ ಮೂಸಿ, "ಚೆರ್ರಿ, ಪೀಪಾಯಿ ಮರದ ಹೊಗೆ" ಎನ್ನುತ್ತಾಳೆ. ನಾನು ಬಾಯಲ್ಲಿಟ್ಟು ಉಗುಳಿ ಉಳಿದದ್ದನ್ನು ಹೇಳುತ್ತೇನೆ. ಹಾಲಿಲ್ಲದ ಕಡು ಚಹಾ ಕುಡಿದಾಗ ಒಸಡು ಹಿಡಿದಂತಾಗುತ್ತದಲ್ಲ, ಅದು ಟ್ಯಾನಿನ್. ಬಾಯಲ್ಲಿ ನೀರಿನಂತೆ ತೆಳುವೋ ಗಟ್ಟಿ ಹಾಲಿನಂತೆ ಭಾರವೋ ಎನ್ನುವುದು ಬಾಡಿ. ಇವಕ್ಕೆ ಮೂಗು ಬೇಡ, ನನ್ನ ಪುಣ್ಯ!

ಮೊನ್ನೆ ಒಂದು ಬಾಟಲಿಯನ್ನು ಹೊಗಳಲು ಬಾಯಿ ತೆರೆದಿದ್ದೆ. ಮೆಣಸಿನಕಾಯಿ ಗ್ಲಾಸ್ ಕಿತ್ತುಕೊಂಡಳು. "ಅಯ್ಯೋ, ಒದ್ದೆ ರಟ್ಟಿನ ವಾಸನೆ! ಬಿರಡೆಯಿಂದ ಕೆಟ್ಟಿದೆ ಕಣ್ರೀ!" ಕಾರ್ಕ್ಡ್ ಎನ್ನುವುದು ಇದಕ್ಕೇ. ಮಾರನೆಯ ದಿನ ಅವಳು ಪರಿಮಳಕ್ಕೆ ಮರುಳಾದ ವೈನಿನ ಟ್ಯಾನಿನ್ ಇನ್ನೂ ಒರಟೆಂದು ನಾನು ತಡೆದೆ. ಯಜಮಾನರು ನಕ್ಕು, "ಇನ್ಮೇಲೆ ಇಬ್ರೂ ಜೊತೆಗೇ ಕೂತ್ಕೊಳಿ" ಎಂದರು. ಮನೆಗೆ ಬಂದು ಅತ್ತುಬಿಟ್ಟೆ ಅಕ್ಕ, ಸಂತೋಷಕ್ಕೆ. ಅವಳ ಋಣ ಹೇಗೆ ತೀರಿಸಲಿ ಹೇಳು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಎಲ್ಲರೂ ನೂರ್ಕಾಲ ಸುಖವಾಗಿರಿ.

ನಿನ್ನ ಬಾಯಿಬಡುಕಿ

ತಾ.ಕ.: ಅಮ್ಮ ಹೋದ ಮೇಲೆ ಅವಳ ಶಾಲನ್ನು ಒಗೆಯದೆ ಹಾಗೇ ಕಳಿಸಿದ್ದೀಯ, ತಲುಪಿತು. ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದೆ. ಏನೂ ಸಿಗಲಿಲ್ಲ ಅಕ್ಕ. ಮೆಣಸಿನಕಾಯಿಗೆ ಕೊಡೋಣವೆಂದರೆ ಅವಳು ಅಮ್ಮನನ್ನು ಕಂಡವಳಲ್ಲ. ಮಡಚುವಾಗ ನೀನು ಮೂಸಿರುತ್ತೀಯ. ಹೇಗಿತ್ತು ಅಂತ ಬರೆಯುತ್ತೀಯಾ?