ಹಕ್ಕಿ ಹಾರಿದ ಬೆಟ್ಟದ ದಾರಿ

ದಿಮಾಪುರ
18 ಜೂನ್ 1942

ನಿಡಘಟ್ಟದ ನನ್ನ ಗೆಳೆಯ ಚಿಕ್ಕಣ್ಣನಿಗೆ ನಜೀರ್ ಅಹ್ಮದನ ಸಲಾಂ.

ಇಷ್ಟು ದಿನ ಕಾಗದ ಹಾಕಲಿಲ್ಲ ಅಂತ ಬಯ್ಕೋಬೇಡ ಕಣ್ಲಾ. ರಂಗೂನಿನ ಮೇಲೆ ಜಪಾನಿನವರ ಬಾಂಬು ಬಿತ್ತು. ನಾನು ಲಾರಿ ರಿಪೇರಿ ಮಾಡ್ತಿದ್ದ ಷೆಡ್ಡೇ ಉಳೀಲಿಲ್ಲ. ಕಾಡು ಬೆಟ್ಟ ಹತ್ತಿಳಿದು, ನಡೆದೇ ಇಂಡಿಯಾ ಸೇರಿದ್ದೀವಿ. ಗೆದ್ದು ಬಂದ್ವಿ ಕಣ್ಲಾ! ನನ್ನ ಹೆಂಡ್ತಿ ರಹೀಮುನ್ನೀಸಾ ಪಕ್ಕದಲ್ಲೇ ಕೂತು ಗಂಜಿ ಕುಡೀತಾವಳೆ. ಮದ್ದೂರಿಗೆ ಹೋಗಿ ನಮ್ಮಮ್ಮನಿಗೂ ಇದನ್ನ ಓದಿ ಹೇಳು.

ಆ ಕಾಡು ನಮ್ಮ ಮುತ್ತತ್ತಿ ಕಾಡಿನಂಗಲ್ಲ. ಬಿಸಿಲೇ ನೆಲಕ್ಕೆ ಬೀಳಲ್ಲ. ಅಷ್ಟು ಹಸಿರಿದ್ರೂ ತಿನ್ನೋಕೆ ಏನೂ ಇಲ್ಲ. ನಾವು ಹೊಕ್ಕಾಗ ಹಣ್ಣಿನ ಕಾಲ ಇನ್ನೂ ಬಂದಿರಲಿಲ್ಲ; ಕೋತಿಗಳೂ ಹೊಳೆ ದಡಕ್ಕಿಳಿದು ಬರೀ ಚಿಗುರು ತಿಂತಿದ್ವು. ಅವು ತಿಂದ ಚಿಗುರನ್ನೇ ಬೇಯಿಸ್ಕೊಂಡು ದಿನ ದೂಡಿದ್ವಿ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನೋಡ್ತೀನಿ, ದಡದಲ್ಲಿ ಒಂದು ಕೋತಿಯೂ ಇಲ್ಲ. ಕೊಂಬಿನಂಥ ಕೊಕ್ಕಿನ ದೊಡ್ಡ ಹಕ್ಕಿಗಳು ಹಿಂಡುಹಿಂಡಾಗಿ ಬೆಟ್ಟದ ಮೇಲಕ್ಕೆ ಹಾರ್ತಾವೆ.

"ಮೇಲೆ ಹಣ್ಣಾಗೈತೆ, ಹತ್ತಾನ" ಅಂದೆ.

ಜೊತೆಗಿದ್ದ ಮಳವಳ್ಳಿ ಬಡಗಿ ಮರಿಸಿದ್ದಯ್ಯ ರೇಗಿದ. "ಜನ ಎಲ್ಲಾ ಹೊಳೆ ದಾರೀಲಿ ಓಯ್ತಾವ್ರೆ. ನೀನು ಹಕ್ಕಿ ನಂಬ್ಕೊಂಡು ಬೆಟ್ಟ ಹತ್ತೀಯೇನ್ಲಾ?"

"ಆ ದಾರೀಲಿ ಎಷ್ಟು ಹೆಣ ದಾಟಿ ಬಂದ್ವಿ, ನೀನೇ ಹೇಳ್ಲಾ."

ಅವನು ಗಂಟು ಹೊತ್ಕೊಂಡು ಹಿಂದೆ ಬಂದ. ಸಂಜೆ ಹೊತ್ಗೆ ಸಿಕ್ತು ನೋಡು ಅತ್ತಿಮರ! ಬುಡದಿಂದ ತುದಿವರೆಗೂ ಹಣ್ಣು. ನೆತ್ತೀಲಿ ಹಕ್ಕಿ, ಕೊಂಬೇಲಿ ಕೋತಿ, ಕೆಳಗೆ ನಾವು. ಮರಿಸಿದ್ದಯ್ಯ ಬಾಯ್ತುಂಬ ತಿಂತಾ ತಿಂತಾ ಅತ್ತುಬುಟ್ಟ. ಒಂದು ಮರ ಬರಿದಾದ್ರೆ ಹಕ್ಕಿಗಳು ಇನ್ನೊಂದು ಮರಕ್ಕೆ, ಅವುಗಳ ಹಿಂದೆ ನಾವು. ಕೊನೆಗೆ ಬೆಟ್ಟದ ಊರಿನವರು ಕಂಡು, ಅನ್ನ ಇಕ್ಕಿ, ಈ ಕಡೆ ದಾರಿ ಹಿಡಿಸಿದ್ರು.

ಇಲ್ಲಿ ಬರ್ಮಾದಿಂದ ಓಡಿಬಂದವರಿಗೆ ಹಾಕಿರೋ ಕ್ಯಾಂಪಿನ ಡಾಕ್ಟರು ನಮ್ಮನ್ನ ನೋಡಿ, ಇಷ್ಟು ಗಟ್ಟಿಯಾಗಿ ನಡೆದು ಬಂದವರನ್ನ ಕಂಡೇ ಇಲ್ಲ ಅಂದ್ರು. ಮರಿಸಿದ್ದಯ್ಯ ಸಿಕ್ಕಿದವರಿಗೆಲ್ಲ ನನ್ನ ತೋರಿಸಿ, "ಇವನು ನಮ್ಮ ಮಂಡ್ಯ ಕಡೆಯೋನು" ಅಂತ ಮೀಸೆ ತಿರುವ್ತಾನೆ.

ರೈಲು ಸಿಕ್ಕಿದ ಕೂಡಲೆ ಬತ್ತೀನಿ. ನಿನ್ನ ಹೆಂಡ್ತಿ ಮಕ್ಕಳು, ದನಕರ, ಗದ್ದೆ ಎಲ್ಲಾನೂ ಆ ಅಲ್ಲಾಹ್ ತಂಪಾಗಿ ಇಟ್ಟಿರಲಿ.

ನಿನ್ನ
ನಜೀರ್

ವಿ. ಸೂ. — ಇದನ್ನ ಅಮ್ಮನಿಗೆ ಓದಬೇಡ. ಮೊಮ್ಮಗಳು ಸುರಯ್ಯಾ ಹೆಂಗವಳೆ ಅಂತ ಕೇಳೇ ಕೇಳ್ತಾಳೆ. ನಜೀರನೇ ಬಂದು ಹೇಳ್ತಾನೆ ಅನ್ನು. ಕಾಡು ಹೊಕ್ಕ ಹೊಸತರಲ್ಲಿ ಮಗು ಹಸಿವು ತಡೀಲಾರದೆ ಯಾವುದೋ ಕೆಂಪು ಕಾಯಿ ತಿಂತು. ಹೊತ್ತು ಮುಳುಗೋದರೊಳಗೆ ಹೋಗಿಬುಟ್ಲು. ಹೊಳೆ ದಡದಲ್ಲೇ ಮಣ್ಣು ಮಾಡಿದ್ವಿ. ಆ ಗಿಡದ ತುಂಬ ಕಾಯಿ ಇತ್ತು ಕಣ್ಲಾ, ಒಂದನ್ನೂ ಕೋತಿ ಮುಟ್ಟಿರಲಿಲ್ಲ. ಅವತ್ತಿಂದ ನಾನು ಕೋತಿಗಳ ಬಾಯನ್ನೇ ನೋಡ್ತಾ ನಡೆದೆ.